ಮೂರನೇ ಸಲ ಯಾರೂ ಕೇಳಲಿಲ್ಲ

ಸೊಸೆ ಸಿಕ್ಕರೆ ಇಂಥವಳು ಸಿಗಬೇಕು ಎಂದು ಸೊಸೆ ವೇಶಾನ್‌ಳನ್ನು ನೋಡಿ ಬೀಯೂನ್ ಬಾಣಂತನದ ಮೊದಲ ವಾರವಿಡೀ ಹಿಗ್ಗಿದ್ದೇ ಹಿಗ್ಗಿದ್ದು. ಕೋಳಿ ಸಾರು ತಂದಿಟ್ಟರೆ "ಬೇಡ ಅಮ್ಮ" ಅನ್ನುತ್ತಾಳೆ. ಇನ್ನೊಂದು ಸೌಟು ಹಾಕಲಾ ಅಂದರೆ ಮತ್ತೆ "ಬೇಡ ಅಮ್ಮ". ಹಾಕಿಬಿಟ್ಟರೆ ತಲೆ ತಗ್ಗಿಸಿಕೊಂಡು, ತುಟಿಯಂಚಲ್ಲಿ ನಗು ಇಟ್ಟುಕೊಂಡು, ಬಟ್ಟಲನ್ನು ತಳ ಕಾಣುವವರೆಗೆ ಖಾಲಿ ಮಾಡುತ್ತಾಳೆ. ಈಗಿನ ಕಾಲದ ಪಟ್ಟಣದ ಹುಡುಗಿಗೆ ಇಷ್ಟು ಸಂಸ್ಕಾರ ಎಲ್ಲಿಂದ ಬಂತು ಎಂದು ಬೀಯೂನ್‌ಗೆ ಅಚ್ಚರಿ.

ಬೀಯೂನ್‌ಳ ಊರಾದ ಶೀಲುವೊ ಕಡೆ ಮರ್ಯಾದಸ್ಥರ ಮನೆಯ ಹೆಣ್ಣುಮಕ್ಕಳ ರೀತಿಯೇ ಇದು. ಯಾರಾದರೂ ಏನಾದರೂ ಕೊಟ್ಟರೆ ಎರಡು ಸಲ ಬೇಡ ಅನ್ನಬೇಕು. ಮೂರನೇ ಸಲ, ಒತ್ತಾಯಕ್ಕೆ ಸೋತವರ ಹಾಗೆ ನಿಟ್ಟುಸಿರು ಬಿಟ್ಟು ತೆಗೆದುಕೊಳ್ಳಬೇಕು. ಮೊದಲ ಸಲಕ್ಕೇ ಕೈ ಚಾಚಿದವಳು ಹೊಟ್ಟೆಬಾಕಿ, ಕೊನೆಯವರೆಗೂ ಬೇಡ ಅಂದವಳು ಜಂಬಗಾತಿ. ಕೊಡುವವರೂ ಸುಲಭಕ್ಕೆ ತಪ್ಪಿಸಿಕೊಳ್ಳುವ ಹಾಗಿಲ್ಲ. ಒಂದು ಸಲ ಕೇಳಿ ಸುಮ್ಮನಾದರೆ, ಅವರಿಗೆ ಕೊಡುವ ಮನಸ್ಸೇ ಇರಲಿಲ್ಲ ಎಂದು ಊರೆಲ್ಲ ಆಡಿಕೊಳ್ಳುತ್ತದೆ. ಅರವತ್ತು ದಾಟಿದ ಬೀಯೂನ್ ಹುಟ್ಟಿದಾಗಿನಿಂದ ಹೀಗೇ ಕೊಟ್ಟು, ಹೀಗೇ ತೆಗೆದುಕೊಂಡು ಬಂದವಳು.

ಅವಳದು ಸೋಯಾ ಸಾಸ್ ಅಂಗಡಿ. ಗಂಡ ತೀರಿಕೊಂಡ ಮೇಲೂ ಬಿಸಿಲಲ್ಲಿ ಸಾಲಾಗಿ ನಿಂತ ಜಾಡಿಗಳ ಮುಚ್ಚಳ ತೆಗೆದು ಮೂಸಿ, ಇದಾಯಿತು, ಇದಿನ್ನೂ ಆಗಬೇಕು ಎಂದು ಹೇಳುವವಳು ಅವಳೇ. ಮಗನಿಗೆ ಹೆಣ್ಣುಮಗು ಹುಟ್ಟಿತೆಂದು ತಿಳಿದದ್ದೇ ಅಂಗಡಿಯನ್ನು ಮೈದುನನ ಕೈಗೆ ಕೊಟ್ಟು, ಕರಿಎಳ್ಳಿನ ಎಣ್ಣೆ, ಬಲಿತ ಶುಂಠಿ, ಅಕ್ಕಿ ಹೆಂಡ, ಕೊಯ್ದು ಮಂಜುಗಡ್ಡೆಯಲ್ಲಿಟ್ಟ ನಾಟಿಕೋಳಿಗಳನ್ನು ಹೊತ್ತುಕೊಂಡು ಮಗನಿರುವ ಪಟ್ಟಣ ಬಾನ್‌ಚಿಯಾವ್‌ಗೆ ಬಾಣಂತನ ಮಾಡಲು ಬಂದಿಳಿದಿದ್ದಳು. ಮೊಮ್ಮಗಳಿಗೆ ದೌದೌ, ಅಂದರೆ ಪುಟ್ಟ ಕಾಳು, ಎಂದು ಮುದ್ದಿನ ಹೆಸರು ಇಟ್ಟವಳೂ ಅವಳೇ.

ಬಂದ ದಿನವೇ ಮಗ ಮಿಂಗ್‌ಷುವೊ ಒಂದು ಮಾತು ತೇಲಿಬಿಟ್ಟಿದ್ದ. "ಅಮ್ಮ, ಮುಂದೆ ವೇಶಾನ್ ಕೆಲಸಕ್ಕೆ ಹೋಗ್ಬೇಕು. ಮಗು ನೋಡ್ಕೊಳ್ಳೋಕೆ ನೀನೇ ಇಲ್ಲಿ ಉಳ್ಕೊಳ್ಳೋದಾ, ಆಯಾ ಇಡೋದಾ, ತಿಂಗಳು ತುಂಬಲಿ, ನೋಡೋಣ. ಅದು ವೇಶಾನ್ ತೀರ್ಮಾನ."

ಆ 'ನೋಡೋಣ' ಎಂಬುದು ಬೀಯೂನ್‌ಳ ಎದೆಯಲ್ಲಿ ಮುಳ್ಳಿನ ಹಾಗೆ ಕೂತಿತ್ತು. ಅವಳಿಗೆ ಉಳಿಯಬೇಕಿತ್ತು. ದೌದೌ ಮಗ್ಗುಲಾಗುವುದನ್ನು, ಮೊದಲ ಹಲ್ಲನ್ನು, ಮೊದಲ ಮಾತನ್ನು ತಾನೇ ನೋಡಬೇಕಿತ್ತು. ಆದರೆ ಅದನ್ನು ಬಾಯಿ ಬಿಟ್ಟು ಹೇಳುವುದುಂಟೇ? ಅವರಾಗಿ ಕೇಳಬೇಕು. ಅದಕ್ಕೇ ಅವಳು ಹೇಳುವುದನ್ನೆಲ್ಲ ಕೋಳಿ ಸಾರಿನ ಮೂಲಕ ಹೇಳುತ್ತಿದ್ದಳು.

ಮನೆಯ ಸ್ಥಿತಿ ಕೇಳಬೇಡಿ. ಮಗ ಊರವರ ಮನೆಗೆಲ್ಲ ಎಸಿ ಕೂರಿಸುವವನು, ಅವನ ಮನೆಯಲ್ಲೇ ಎಸಿ ಬಂದ್. ಬಾಣಂತಿಗೆ ಗಾಳಿ ತಾಗಬಾರದೆಂದು ಬೀಯೂನ್ ಕಿಟಕಿಗಳ ಸಂದಿಗೂ ಬಟ್ಟೆ ತುರುಕಿದ್ದಳು. ಬಾಣಂತಿ ತಲೆಗೆ ನೀರು ಹಾಕುವಂತಿಲ್ಲ. ಎಳ್ಳೆಣ್ಣೆ, ಶುಂಠಿ, ಹೆಂಡ ಸೇರಿ ಕುದಿದ ವಾಸನೆ ಪರದೆಗೆ, ದಿಂಬಿಗೆ, ಮಗುವಿನ ನೆತ್ತಿಗೆ ಕೂಡ ಹತ್ತಿತ್ತು.

ಎರಡನೇ ವಾರದಲ್ಲಿ ಸೊಸೆಯ ಮಾತು ಕಡಿಮೆಯಾಯಿತು. ಆಮೇಲೆ ಒಂದು ಬೆಳಿಗ್ಗೆ ಪೂರ್ತಿ ನಿಂತುಹೋಯಿತು. ಮಗು ಅತ್ತರೆ ಎತ್ತಿಕೊಳ್ಳುತ್ತಾಳೆ, ಹಾಲು ಕೊಡುತ್ತಾಳೆ, ಮಲಗಿಸಿ ಗೋಡೆಯ ಕಡೆ ತಿರುಗಿ ಕೂರುತ್ತಾಳೆ. ಮಗುವಿನ ಹೊದಿಕೆಯ ಅಂಚನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಉಜ್ಜುತ್ತಲೇ ಇರುತ್ತಾಳೆ. ಬೀಯೂನ್ ಕರೆದರೆ ಕಣ್ಣೂ ತಿರುಗದು.

ಬೀಯೂನ್ ಮಗನನ್ನು ಅಡುಗೆಮನೆಗೆ ಎಳೆದಳು. "ಏನಾಗಿದೆಯೋ ಅವಳಿಗೆ?"

"ಶಟರ್ ಎಳ್ಕೊಂಡಿದಾಳೆ ಅಮ್ಮ."

"ಯಾವ ಶಟರೋ?"

"ಅಂಗಡಿ ಶಟರ್ ಥರ. ಒಳಗೆ ಎಲ್ಲ ತುಂಬಿ ತುಳುಕಿದಾಗ ತಲೆ ತಾನೇ ಬಾಗಿಲು ಹಾಕ್ಕೊಂಡ್ಬಿಡುತ್ತೆ. ಮಾತು ಹೊರಗೆ ಬರಲ್ಲ. ಕೋಪ ಅಲ್ಲ ಅದು, ಅವಳು ಬೇಕೂಂತ ಮಾಡ್ತಿರೋದೂ ಅಲ್ಲ."

"ಏನು ತುಂಬಿದೆ? ಮನೇಲಿ ಒಂದು ಸದ್ದಿಲ್ಲ, ಗದ್ದಲ ಇಲ್ಲ."

"ವಾಸನೆ, ಸೆಕೆ, ಜಿಡ್ಡು ತಲೆ, ಮೈಗೆ ಅಂಟೋ ಬಟ್ಟೆ... ನಮಗೆ ಒಂದು ಚಮಚ ಅನ್ಸೋದು ಅವಳಿಗೆ ಒಂದು ಕೊಡ. ಅವಳಿಗೆ ಆಟಿಸಂ ಇದೆ ಅಂತ ಮದುವೆಗೆ ಮುಂಚೇನೇ ಹೇಳಿದ್ನಲ್ಲಮ್ಮ."

ಹೇಳಿದ್ದೇನೋ ನಿಜ. ಅದು ಸಕ್ಕರೆ ಕಾಯಿಲೆಯಂಥದ್ದೇನೋ, ಮಾತ್ರೆ ನುಂಗಿದರೆ ಹತೋಟಿಯಲ್ಲಿರುತ್ತದೆ ಎಂದು ಬೀಯೂನ್ ಆಗ ತಿಳಿದುಕೊಂಡಿದ್ದಳು. ಹುಡುಗಿ ಪಠ್ಯಪುಸ್ತಕಗಳಲ್ಲಿ ತಪ್ಪು ಹುಡುಕುವ ಕೆಲಸದಲ್ಲಿದ್ದಾಳೆ, ಒಂದು ತಪ್ಪೂ ಬಿಡುವುದಿಲ್ಲ ಎಂದು ಕೇಳಿ ಖುಷಿಯನ್ನೂ ಪಟ್ಟಿದ್ದಳು.

"ಮೊನ್ನೆವರೆಗೂ ನಗ್ತಾ ನಗ್ತಾ ಊಟ ಮಾಡ್ತಿದ್ಲಲ್ಲೋ!"

"ಅದು ಮುಖವಾಡ ಅಮ್ಮ. ಎದುರಿಗಿರೋರಿಗೆ ಯಾವ ಮುಖ ಬೇಕೋ ಅದನ್ನ ಹಾಕ್ಕೊಳ್ಳೋದು. ಚಿಕ್ಕಂದಿನಿಂದ ಅಭ್ಯಾಸ ಮಾಡಿರ್ತಾರೆ. ಮೈಮೇಲೆ ಮೂಟೆ ಹೊತ್ತ ಹಾಗೆ ಸುಸ್ತಾಗುತ್ತೆ. ಅದಕ್ಕೇ ಆಮೇಲೆ..." ಅನ್ನುವಷ್ಟರಲ್ಲಿ ಅವನ ಕಣ್ಣು ಹೊಗೆ ಎಳೆಯುವ ಫ್ಯಾನಿನ ಮೇಲೆ ಬಿತ್ತು. "ಇದ್ಯಾಕೆ ಕಟಕಟ ಅಂತಿದೆ?" ಎಂದು ಸ್ಕ್ರೂಡ್ರೈವರ್ ಹುಡುಕಲು ಹೋದವನು ಎಷ್ಟೋ ಹೊತ್ತಿನ ಮೇಲೆ ಒಗೆದ ಬಟ್ಟೆಯ ಬುಟ್ಟಿ ಹಿಡಿದುಕೊಂಡು ಬಂದ. ಸ್ಕ್ರೂಡ್ರೈವರೂ ಬರಲಿಲ್ಲ, ಮುಖವಾಡದ ಉಳಿದರ್ಧವೂ ಬರಲಿಲ್ಲ.

"ಲೋ, ಹೇಳ್ತಿದ್ದದ್ದನ್ನ ಮುಗಿಸೋ!"

"ಏನು ಹೇಳ್ತಿದ್ದೆ?"

"ನಿನ್ನ ತಲೆ! ಒಂದು ಕೆಲಸ ನೆಟ್ಟಗೆ ಮಾಡಿದ್ದುಂಟಾ ನೀನು, ಸೋಮಾರಿ."

"ಸೋಮಾರಿ ಅಲ್ಲಮ್ಮ, ಅದಕ್ಕೂ ಹೆಸರಿದೆ. ಎಡಿಎಚ್‌ಡಿ. ಡಾಕ್ಟ್ರು ಹೇಳಿದಾರೆ. ನಂಗೆ ಹೊತ್ತು ಕಾಣಲ್ಲ. ಒಂದ್ಸಲ ಒಂದರಲ್ಲಿ ಮುಳುಗಿದ್ರೆ ಪಕ್ಕದಲ್ಲಿ ಮನೆ ಉರಿದ್ರೂ ಗೊತ್ತಾಗಲ್ಲ."

"ಹೊತ್ತು ಕಾಣದೆ ಏನು? ಗಡಿಯಾರ ಕೊಡಿಸಿದ್ನಲ್ಲೋ!"

ಮಿಂಗ್‌ಷುವೊ ಬಿದ್ದು ಬಿದ್ದು ನಕ್ಕ. ಬೀಯೂನ್‌ಗೆ ಅದರಲ್ಲಿ ನಗುವುದೇನಿದೆ ಎಂದು ತಿಳಿಯಲಿಲ್ಲ. ಮೂವತ್ತು ಚಿಲ್ಲರೆ ವರ್ಷ ಮರೆಗುಳಿ, ತಲೆಹರಟೆ ಎಂದು ತಾನು ಬೈದುಕೊಂಡು ಬಂದದ್ದಕ್ಕೆಲ್ಲ ಈಗ ಬೇರೆ ಬೇರೆ ಹೆಸರು ಬಂದು ಕೂತಿವೆ. ತಲೆ ಗಿರ್ರೆಂದಿತು. ಸೊಸೆಯ ಬೆರಳಾಟದ ಬಗ್ಗೆ ಕೇಳಿದ್ದಕ್ಕೆ ಅವನು, "ಅದು ಅವಳು ತನಗೆ ತಾನೇ ಜೋಗುಳ ಹಾಡ್ಕೊಳ್ಳೋದು, ತಡೀಬೇಡ" ಅಂದ. ಬಾಯಿ ಮುಚ್ಚಿಕೊಂಡು ಬೆರಳಿನಲ್ಲಿ ಹಾಡುವ ಜೋಗುಳ!

ಮುಖವಾಡದ ಮಾತಂತೂ ಅವಳಿಗೆ ಸುತಾರಾಂ ಹಿಡಿಸಲಿಲ್ಲ. ಮುಖವಾಡ ಹಾಕದೆ ಯಾರು ಬದುಕಿದ್ದಾರೆ? ಗಂಡ ಸತ್ತ ಮೊದಲ ಹಬ್ಬದಲ್ಲಿ ಅಂಗಡಿಯ ಮುಂದೆ ನಿಂತು ಬಂದವರಿಗೆಲ್ಲ ನಗುತ್ತಾ ಸಾಸಿನ ಬಾಟಲಿ ಕಟ್ಟಿಕೊಟ್ಟಿರಲಿಲ್ಲವೇ ಅವಳು? ಅದಕ್ಕೆ ಅವಳೇನು ಡಾಕ್ಟರ ಹತ್ತಿರ ಓಡಿದ್ದಳೇ? ಹಾಗೆಂದು ಸಿಟ್ಟು ಮಾಡಿಕೊಳ್ಳಲು ಹೋದರೆ ಗೋಡೆ ನೋಡುತ್ತಾ ಕೂತ ಆ ಹುಡುಗಿಯ ಬೆನ್ನು ಕಣ್ಣಿಗೆ ಬರುತ್ತಿತ್ತು. ಸಿಟ್ಟೂ ನಿಲ್ಲಲಿಲ್ಲ, ಅರ್ಥವೂ ಆಗಲಿಲ್ಲ.

ದಾರಿ ಕಾಣದೆ ಅಕ್ಕ ಯೂಲಾನ್‌ಗೆ ಫೋನು ಹಚ್ಚಿದಳು. ಶಟರು, ಕೊಡ, ಚಮಚ, ಮುಖವಾಡ, ಜೋಗುಳ ಎಲ್ಲವನ್ನೂ ತನಗೆ ತಿಳಿದಷ್ಟು ಕಲಸಿ ಹೇಳಿದಳು.

"ಅಯ್ಯೋ ಪೆದ್ದಿ," ಯೂಲಾನ್ ಅಂದಳು, "ಅದೆಲ್ಲ ಓದಿದೋರ ಸೋಗು ಕಣೇ. ನೀನು ಅವಳಿಗೆ ಬೇಡ, ಅಷ್ಟೇ. ಬಾಯಿಬಿಟ್ಟು ಹೋಗಿ ಅನ್ನೋಕಾಗಲ್ಲ, ಅದಕ್ಕೆ ಗೋಡೆ ಕಡೆ ತಿರುಗಿದಾಳೆ. ಇರು, ನಾನೇ ಬರ್ತೀನಿ."

ನೀನು ಅವಳಿಗೆ ಬೇಡ. ಬೇಡವಾದವಳು ಮಾಡಬಹುದಾದದ್ದು ಬೀಯೂನ್‌ಗೆ ಒಂದೇ ಗೊತ್ತಿತ್ತು. ಮಾರನೇ ದಿನ ಸಾರಿಗೆ ಶುಂಠಿಯನ್ನೂ ಎಣ್ಣೆಯನ್ನೂ ಇನ್ನಷ್ಟು ಧಾರಾಳವಾಗಿ ಹಾಕಿದಳು.

ಯೂಲಾನ್ ಬಂದಳು. ಸುಗಂಧ ಹಾಕಿಕೊಂಡು, ಅಂಗೈ ಅಗಲದ ನಗು ತುಂಬಿಕೊಂಡು, ಮಗುವಿಗೆ ಗೆಜ್ಜೆ ಕಟ್ಟಿದ ಚಿನ್ನದ ಕಡಗ ಹಿಡಿದುಕೊಂಡು ಬಂದಳು. ಚಪ್ಪಲಿ ಬಿಡುವ ಮೊದಲೇ "ಎಲ್ಲಿ ನಮ್ಮ ಕಾಳು?" ಎಂದು ಕೂಗಿದಳು. ಕೋಣೆಯ ದೀಪಗಳನ್ನೆಲ್ಲ ಹಾಕಿಸಿದಳು. ಮಗುವನ್ನು ಎತ್ತಿ ಕುಣಿಸಿದಳು, ಗೆಜ್ಜೆ ಗಲಗಲ, ಮಗು ಅಳು, ಅವಳ ಕೈಯ ಹಸಿರು ಕಲ್ಲಿನ ಬಳೆ ಮಂಚದ ಸರಳಿಗೆ ತಗುಲಿ ಟಣಟಣ. ವೇಶಾನ್ ಮಂಚದ ಮೂಲೆಯಲ್ಲಿ ಕೂತು ಹೊದಿಕೆಯ ಅಂಚು ಉಜ್ಜುತ್ತಿದ್ದಳು, ಬೆರಳಿನ ವೇಗ ಹೆಚ್ಚಾಗಿತ್ತು. ಬೀಯೂನ್ ಅದನ್ನು ನೋಡಿದಳು, ನೋಡಿಯೂ ಏನು ಮಾಡಬೇಕೆಂದು ತಿಳಿಯದೆ ಸಾರಿನ ಬಟ್ಟಲು ಹಿಡಿದು ನಿಂತಳು.

ಯೂಲಾನ್ ಮಗುವನ್ನು ಮಡಿಲಿಗೆ ಹಾಕಿಕೊಂಡು ಮಂಚದ ಮೇಲೆ ಕೂತು, ಬಟ್ಟಲನ್ನು ಕಸಿದುಕೊಂಡು ಕೋಳಿಯ ತೊಡೆಯನ್ನು ಆರಿಸಿ ಮುಂದೆ ಹಿಡಿದಳು. "ತಿನ್ನಮ್ಮ, ಮೈಗೆ ಶಕ್ತಿ ಬರುತ್ತೆ."

"ಬೇಡ," ವೇಶಾನ್ ಅಂದಳು. ಎಷ್ಟೋ ದಿನದ ಮೇಲೆ ಬಂದ ಮಾತು.

"ನೋಡಿದ್ಯಾ, ಮಾತಾಡ್ತಾಳೆ! ನಾಚ್ಕೋಬೇಡ, ತಿನ್ನು."

"ಬೇಡ."

"ಅಯ್ಯೋ, ದೊಡ್ಡೋರು ಪ್ರೀತಿಯಿಂದ ಕೊಟ್ರೆ..." ಎಂದು ಯೂಲಾನ್ ತೊಡೆಯನ್ನು ಅವಳ ತುಟಿಗೇ ತಂದಳು.

ವೇಶಾನ್ ಚೀರಿದಳು. ಬೀಯೂನ್ ಅಂಥ ದನಿಯನ್ನು ಹೆರಿಗೆಯ ಕೋಣೆಯಲ್ಲಿ ಬಿಟ್ಟು ಬೇರೆಲ್ಲೂ ಕೇಳಿರಲಿಲ್ಲ. ಬಟ್ಟಲು ಹಾರಿ ಗೋಡೆಗೆ ಬಡಿಯಿತು. ಹುಡುಗಿ ಒಮ್ಮೆ ಎರಡೂ ಕಿವಿ ಮುಚ್ಚಿಕೊಳ್ಳುತ್ತಾ, ಒಮ್ಮೆ ಅಂಗೈಯಿಂದ ತಲೆಯನ್ನು ಹೊಡೆದುಕೊಳ್ಳುತ್ತಾ, ಮಂಚದಿಂದ ಜಾರಿ ಮೂಲೆ ಸೇರಿ ಮುದುಡಿಕೊಂಡಳು. ಚೀರು ನಿಲ್ಲಲೇ ಇಲ್ಲ. ಮಿಂಗ್‌ಷುವೊ ಓಡಿ ಬಂದು ಮಗುವನ್ನು ದೊಡ್ಡಮ್ಮನ ಮಡಿಲಿನಿಂದ ತೆಗೆದು ತನ್ನ ತಾಯಿಗೆ ಕೊಟ್ಟ, ದೀಪ ಆರಿಸಿದ, ಅಕ್ಕತಂಗಿಯರಿಬ್ಬರನ್ನೂ ಹೊರಗೆ ಕಳಿಸಿ ಬಾಗಿಲು ಹಾಕಿದ. ಒಳಗೆ ಅವನ ದನಿಯೂ ಕೇಳಿಸಲಿಲ್ಲ. ಸುಮ್ಮನೆ ಪಕ್ಕದಲ್ಲಿ ಕೂತಿದ್ದನೆಂದು ಕಾಣುತ್ತದೆ.

"ಹುಚ್ಚು!" ಯೂಲಾನ್ ಚಪ್ಪಲಿ ಮೆಟ್ಟುತ್ತಾ ಅಂದಳು. "ಹಿರಿಯರ ಮುಖಕ್ಕೆ ಬಟ್ಟಲು ಎಸೆಯೋದಾ? ನಿನ್ನ ಸೊಸೆಗೆ ನೀನೇ ಸಲಿಗೆ ಕೊಟ್ಟು ಹಾಳು ಮಾಡಿದ್ದು. ಗಂಟುಮೂಟೆ ಕಟ್ಟಿ ಬಂದ್ಬಿಡು ಊರಿಗೆ."

ಆಮೇಲೆ ಮಿಂಗ್‌ಷುವೊ ಹೊರಗೆ ಬಂದು ತಾಯಿಯ ಪಕ್ಕ ಕೂತ. ಅಪರೂಪಕ್ಕೆ ಅವನ ಕಾಲು ಕುಣಿಯುತ್ತಿರಲಿಲ್ಲ. "ಅದು ಹಟ ಅಲ್ಲಮ್ಮ. ಹಟ ಮಾಡೋರು ಏನೋ ಬೇಕು ಅಂತ ಮಾಡ್ತಾರೆ, ಸಿಕ್ಕಿದ್ರೆ ನಿಲ್ಲಿಸ್ತಾರೆ. ಇದು ಉಕ್ಕೋದು. ಒಲೆ ಮೇಲೆ ಹಾಲು ಉಕ್ಕೋದಕ್ಕೆ ಹಾಲನ್ನ ಬೈತೀಯಾ?"

"ಮೊನ್ನೆ ಶಟರ್ ಅಂದೆ, ಇವತ್ತು ಉಕ್ಕೋದು ಅಂತೀಯ. ಅವಳು ಮುಚ್ಕೊಳ್ತಾಳೋ, ಉಕ್ತಾಳೋ? ಒಂದಾದ್ರೂ ಹೇಳೋ!"

"ಎರಡೂ."

ಬೀಯೂನ್ ಗೋಡೆಯ ಎಣ್ಣೆ ಕಲೆಯನ್ನು ತಿಕ್ಕುತ್ತಾ ಕೂತಳು. ಕಲೆ ಹೋಗಲಿಲ್ಲ. ತಾನು ಏನು ತಪ್ಪು ಮಾಡಿದೆ ಎಂದು ಯಾರಾದರೂ ಹೇಳಿದ್ದರೆ ಕಾಲು ಹಿಡಿದಾದರೂ ಕ್ಷಮೆ ಕೇಳುತ್ತಿದ್ದಳು. ತಪ್ಪೇ ಗೊತ್ತಾಗದಿದ್ದರೆ ಏನೆಂದು ಕೇಳುವುದು?

ಒಂದೆರಡು ದಿನ ಕಳೆಯಿತು. ಆಮೇಲೆ ಒಂದು ಮಧ್ಯಾಹ್ನ ವೇಶಾನ್ ಮಗುವನ್ನು ಮಲಗಿಸಿ ತಾನಾಗಿಯೇ ಅಡುಗೆಮನೆಗೆ ಬಂದಳು. ಬಾಗಿಲ ಚೌಕಟ್ಟಿಗೆ ಒರಗಿ, ಬೀಯೂನ್‌ಳ ಮುಖ ನೋಡದೆ, ನೆಲದ ಹೆಂಚು ನೋಡುತ್ತಾ ಕೇಳಿದಳು. ದನಿಯಲ್ಲಿ ಏರಿಳಿತವೇ ಇರಲಿಲ್ಲ.

"ಅಮ್ಮ, ನಿಮ್ಮೂರಲ್ಲಿ ಒಬ್ಬರಿಗೆ ನಿಜವಾಗ್ಲೂ ಬೇಡ ಅಂದ್ರೆ ಏನಂತ ಹೇಳ್ತಾರೆ?"

"ಏನಂತ ಅಂದ್ರೆ? ಬೇಡ ಅಂತಾರೆ."

"ನಾನೂ ಅದೇ ಹೇಳ್ದೆ. ದಿನಾ ಹೇಳ್ದೆ. ನೀವು ಹಾಕಿದ್ರಿ. ಮೆಲ್ಲಗೆ ಹೇಳ್ತಿದೀನೇನೋ ಅಂತ ಜೋರಾಗಿ ಹೇಳಿ ನೋಡ್ದೆ. ನೀವು ನಕ್ಕು ಇನ್ನೂ ಜಾಸ್ತಿ ಹಾಕಿದ್ರಿ. ಬೇರೆ ಯಾವ ಮಾತು ಹೇಳ್ಬೇಕಿತ್ತು ಅಂತ ತುಂಬಾ ಯೋಚ್ನೆ ಮಾಡ್ದೆ. ಗೊತ್ತಾಗ್ಲಿಲ್ಲ. ನೀವು ಹೇಳಿ, ಕಲೀತೀನಿ."

ಬೀಯೂನ್ ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟಳು. ಹೌದಲ್ಲ, ನಿಜವಾಗಿ ಬೇಡವಾದರೆ ಏನು ಹೇಳುತ್ತಾರೆ? ಬೇಡ ಅಂದರೆ ಹಾಕುತ್ತಾರೆ. ಸಾಕು ಅಂದರೆ ಹಾಕುತ್ತಾರೆ. ಹೊಟ್ಟೆ ತುಂಬಿದೆ ಅಂದರೆ ಕಟ್ಟಿಕೊಡುತ್ತಾರೆ. ಬಾಲ್ಯದಿಂದ ಉಂಡ ಮದುವೆ ಊಟ, ತಿಥಿ ಊಟ, ಹಬ್ಬದ ಊಟ ಎಲ್ಲವನ್ನೂ ನೆನೆದು ನೋಡಿದಳು. ಬೇಡ ಎಂಬುದು ಬೇಡ ಎಂದೇ ತಲುಪಿದ ಒಂದು ಸಲವೂ ನೆನಪಿಗೆ ಬರಲಿಲ್ಲ. ಎಷ್ಟೊಂದು ಮಾತಾಡುವ ಊರು, ಇದೊಂದಕ್ಕೆ ಮಾತೇ ಇಲ್ಲ.

"ಗೊತ್ತಿಲ್ಲ ಕಣಮ್ಮ," ಅಂದಳು ಕೊನೆಗೆ. "ಅಷ್ಟು ಬೇಡದೆ ಇದ್ರೆ ತಿಂದಿದ್ಯಾಕೆ? ನಕ್ಕಿದ್ಯಾಕೆ?"

"ಬಡಿಸಿದ್ದನ್ನ ಬಿಟ್ರೆ ದೊಡ್ಡೋರಿಗೆ ಬೇಜಾರಾಗುತ್ತೆ, ನಗ್ತಾ ತಿನ್ನು ಅಂತ ನಮ್ಮಮ್ಮ ಹೇಳ್ಕೊಟ್ಟಿದ್ರು. ನಕ್ಕೆ. ಆ ಎಣ್ಣೆ ವಾಸನೆ ಗಂಟಲಲ್ಲೇ ನಿಂತಿರ್ತಿತ್ತು, ನಿದ್ದೇಲೂ."

"ನಾನು ಪ್ರೀತಿಯಿಂದ ಹಾಕಿದ್ದು."

"ಗೊತ್ತು. ಅದಕ್ಕೇ ಇನ್ನೂ ಕಷ್ಟ ಆಯ್ತು."

ಬೀಯೂನ್‌ಗೆ ಅಳು ಬಂತು, ನಾಚಿಕೆಯೂ ಆಯಿತು. ತಾನು ಹಿಗ್ಗಿ ಹಿಗ್ಗಿ ತುಂಬಿದ ಒಂದೊಂದು ಸೌಟೂ ಈ ಹುಡುಗಿಯ ಗಂಟಲಿಗೆ ಕಲ್ಲಾಗಿತ್ತು. ಸೆರಗಿಲ್ಲದ ಊರಲ್ಲಿ ಕಣ್ಣೊರೆಸಲು ಕೈವಸ್ತ್ರವೇ ಗತಿ. "ಇನ್ಮೇಲೆ ನೀನು ಬೇಡ ಅಂದ್ರೆ ಬೇಡ," ಅಂದಳು.

"ಒಂದೇ ಸಲಕ್ಕಾ?"

"ಒಂದೇ ಸಲಕ್ಕೆ."

ವೇಶಾನ್ ಹೆಂಚು ನೋಡುತ್ತಲೇ ತಲೆಯಾಡಿಸಿದಳು. "ಸರಿ. ನಾನೂ ನಿಮ್ಗೆ ಹಾಗೇ ಮಾಡ್ತೀನಿ."

ಆ ಮಾತಿಗೆ ಬೀಯೂನ್ ಆಗ ಅಷ್ಟು ಗಮನ ಕೊಡಲಿಲ್ಲ.

ಅಂದು ಸಂಜೆ ಅವಳ ಮನಸ್ಸು ಯೂಲಾನ್‌ಳ ಕೈಬಳೆಗೆ ಹೋಯಿತು. ಅವರಮ್ಮನ ಬಳೆ ಅದು. ಅಮ್ಮ ಕೊನೆಗಾಲದಲ್ಲಿ ಹಾಸಿಗೆಯಲ್ಲಿ ಮಲಗಿದ್ದಾಗ ಅದನ್ನು ಬಿಚ್ಚಿ ಬೀಯೂನ್‌ಗೆ ಕೊಡಲು ಬಂದಿದ್ದಳು. ಬೀಯೂನ್‌ಗೆ ಚಿಕ್ಕಂದಿನಿಂದ ಆ ಬಳೆಯ ಮೇಲೆ ಜೀವ. ಆದರೂ ಬೇಡಮ್ಮ ಅಂದಳು. ಅಮ್ಮ ಇನ್ನೊಮ್ಮೆ ಅಂದಳು, ಇವಳು ಇನ್ನೊಮ್ಮೆ ಬೇಡ ಅಂದಳು. ಮೂರನೇ ಸಲಕ್ಕೆ ಕೈ ಚಾಚಲು ಸಿದ್ಧಳಾಗಿ ಕೂತಿದ್ದಾಗ ಯಾರೋ ನೆಂಟರು ಒಳಗೆ ಬಂದರು. ಮಾತು ಎತ್ತಲೋ ಹೋಯಿತು. ಮರುದಿನ ಬಳೆ ಯೂಲಾನ್‌ಳ ಕೈಯಲ್ಲಿತ್ತು. "ನೀನು ಬೇಡ ಅಂದ್ಯಂತೆ," ಅಂದಿದ್ದಳು ಅಕ್ಕ. ಅಂದಿನಿಂದ ಇಂದಿನವರೆಗೆ ಅದನ್ನು ಯಾರಿಗೂ ಹೇಳದೆ, ಅಕ್ಕನ ಕೈ ಕಂಡಾಗಲೆಲ್ಲ ನಕ್ಕಿದ್ದಾಳೆ ಬೀಯೂನ್.

ಮನೆಯ ರೀತಿ ಬದಲಾಯಿತು. ಎಣ್ಣೆಯ ಡಬ್ಬ ಕಪಾಟು ಸೇರಿತು. ಬರೀ ಉಪ್ಪು ಹಾಕಿದ ಅಕ್ಕಿ ಗಂಜಿ ಮತ್ತು ಬೇಯಿಸಿದ ಮೊಟ್ಟೆ ಬೇಕೆಂದಳು ವೇಶಾನ್, ಬೀಯೂನ್ ಅದನ್ನೇ ಮಾಡಿದಳು. ಇನ್ನೊಂದು ಮೊಟ್ಟೆ? ಬೇಡ. ಬೀಯೂನ್‌ಳ ಕೈ ತಾನಾಗಿ ಮುಂದೆ ಹೋಗುತ್ತಿತ್ತು, ಅದನ್ನು ಇನ್ನೊಂದು ಕೈಯಿಂದ ಹಿಡಿದುಕೊಳ್ಳುತ್ತಿದ್ದಳು. ತಲೆಗೆ ನೀರು ಹಾಕ್ಕೊಳ್ತೀಯಾ ಎಂದು ಒಂದು ದಿನ ಹೆದರುತ್ತಲೇ ಕೇಳಿದಳು, ಬಾಣಂತಿ ತಲೆ ತೊಳೆದರೆ ಮುಪ್ಪಿನಲ್ಲಿ ತಲೆನೋವು ಬಿಡುವುದಿಲ್ಲ ಎಂದು ಅವಳ ಅತ್ತೆ ಹೆದರಿಸಿದ್ದಳಲ್ಲ. "ಬೇಕು," ಅಂದಳು ವೇಶಾನ್, ಇಷ್ಟಗಲ ಕಣ್ಣು ಮಾಡಿ. ಬಚ್ಚಲಿನಿಂದ ನೀರಿನ ಸದ್ದಿನ ಜೊತೆ ಒಂದು ಗುನುಗು ಕೇಳಿಸಿತು. ಬೀಯೂನ್ ಬಾಗಿಲ ಹೊರಗೆ ಮಗುವನ್ನು ತಟ್ಟುತ್ತಾ ಅದನ್ನು ಕೇಳಿದಳು.

ಅರ್ಥವಾಯಿತು ಎಂದಲ್ಲ. ಸೊಸೆ ಮಾತಾಡುವಾಗ ಕಣ್ಣು ನೋಡದಿದ್ದರೆ ಅವಳಿಗೆ ಈಗಲೂ ಕಸಿವಿಸಿ. ನಗು ಬಾರದಿದ್ದಾಗ ನಗದ ಆ ಮುಖ ಖುಷಿಯಲ್ಲಿದೆಯೋ ಬೇಸರದಲ್ಲಿದೆಯೋ ತಿಳಿಯದೆ ಒದ್ದಾಡುತ್ತಿದ್ದಳು. ಮುಂಚಿನ ನಗುವೇ ವಾಸಿಯಿತ್ತು ಎಂದು ಒಮ್ಮೊಮ್ಮೆ ಅನ್ನಿಸಿ, ತಕ್ಷಣ ತನ್ನ ಮೇಲೆಯೇ ಸಿಡುಕುತ್ತಿದ್ದಳು.

ತಿಂಗಳು ತುಂಬಿತು. ಔತಣ ಬೇಡವೆಂದಳು ವೇಶಾನ್, ಬೇಡವಾಯಿತು. ಅಣಬೆ ಹಾಕಿದ ಜಿಗುಟಕ್ಕಿ ಅನ್ನವನ್ನೂ ಕೆಂಪು ಬಣ್ಣದ ಮೊಟ್ಟೆಗಳನ್ನೂ ಡಬ್ಬಿಯಲ್ಲಿ ತುಂಬಿ ಅಕ್ಕಪಕ್ಕದವರಿಗೆ ಹಂಚಿದ್ದಷ್ಟೇ. ಅಂದು ಎಲ್ಲರೂ ಊಟಕ್ಕೆ ಕೂತಾಗ ವೇಶಾನ್ ಚಾಪ್‌ಸ್ಟಿಕ್ ಕೆಳಗಿಟ್ಟು ಕೇಳಿದಳು.

"ಅಮ್ಮ, ದೌದೌನ ನೋಡ್ಕೊಂಡು ನೀವು ಇಲ್ಲೇ ಇರ್ತೀರಾ?"

ಬೀಯೂನ್‌ಳ ಎದೆ ಹೂವಾಯಿತು. ಇದೊಂದು ಮಾತಿಗಾಗಿ ತಿಂಗಳಿಡೀ ಕಾದಿದ್ದಳು. ಸಂತೋಷದಲ್ಲಿ ನಾಲಿಗೆ ತನ್ನ ಹಳೆಯ ದಾರಿ ಹಿಡಿದೇಬಿಟ್ಟಿತು. "ಅಯ್ಯೋ, ಬೇಡಮ್ಮ, ನಿಮಗ್ಯಾಕೆ ತೊಂದ್ರೆ. ಊರಲ್ಲಿ ಅಂಗಡೀನೂ ಇದೆ."

"ಸರಿ," ಅಂದಳು ವೇಶಾನ್. ಚಾಪ್‌ಸ್ಟಿಕ್ ಎತ್ತಿಕೊಂಡು ಉಣ್ಣತೊಡಗಿದಳು.

ಮಿಂಗ್‌ಷುವೊ ಫೋನು ತೆಗೆದ. "ನಾಳಿದ್ದು ಮಧ್ಯಾಹ್ನದ ರೈಲಿಗೆ ಸೀಟಿದೆಯಮ್ಮ, ಬುಕ್ ಮಾಡ್ದೆ." ಹುಟ್ಟಿದಾಗಿನಿಂದ ಹೇಳಿದ ಹೊತ್ತಿಗೆ ಒಂದು ಕೆಲಸ ಮಾಡದ ಹುಡುಗ, ಇಂದು ಅವಳ ಮಾತು ಆರುವ ಮೊದಲೇ ಮಾಡಿ ಮುಗಿಸಿದ್ದ!

ಬೀಯೂನ್ ಕಾದಳು. ಇನ್ನೊಮ್ಮೆ ಕೇಳುತ್ತಾರೆ ಎಂದು ಅಂದು ರಾತ್ರಿ ಕಾದಳು, ಮರುದಿನ ಕಾದಳು. ಮಗುವಿನ ಬಟ್ಟೆ ಮಡಿಸುವಾಗ ಬೇಕೆಂದೇ ನಿಧಾನ ಮಾಡಿದಳು. ಸೊಸೆ ಹತ್ತಿರ ಬಂದಾಗಲೆಲ್ಲ ಕೆಲಸ ನಿಲ್ಲಿಸಿ ತಲೆ ಎತ್ತಿದಳು. ವೇಶಾನ್ ಬಂದು, ಒಗೆಯುವ ಪುಡಿ ಎಲ್ಲಿ ಅಂದಳು, ಮಗುವಿಗೆ ಮುಂದಿನ ಲಸಿಕೆ ಯಾವಾಗ ಅಂದಳು. ಅದೊಂದನ್ನು ಕೇಳಲಿಲ್ಲ. ಹಾಗಾದರೆ ಮೊದಲು ಕೇಳಿದ್ದು ಬಾಯಿಮಾತಿಗೋ? ಯೂಲಾನ್ ಹೇಳಿದ್ದೇ ನಿಜವೋ? ಬೇಡವಾದವಳನ್ನು ಮರ್ಯಾದೆಗೆ ಒಮ್ಮೆ ಕೇಳಿ ಕೈ ತೊಳೆದುಕೊಂಡರೋ? ಅವಳಿಗೆ ಗೊತ್ತಾಗಲಿಲ್ಲ. ಚೀಲ ತುಂಬಿದಳು. ಎಣ್ಣೆಯ ಡಬ್ಬವನ್ನೂ ಹಾಕಿಕೊಂಡಳು, ಇಲ್ಲಿ ಯಾರಿಗೆ ಬೇಕು.

ಹೊರಡುವ ಹೊತ್ತಾಯಿತು. ಟ್ಯಾಕ್ಸಿ ತರುತ್ತೇನೆಂದು ಮಿಂಗ್‌ಷುವೊ ಕೆಳಗಿಳಿದ. ಬೀಯೂನ್ ಬಾಗಿಲ ಬಳಿ ಕೂತು ಒಂದು ಷೂ ಹಾಕಿಕೊಂಡಳು. ವೇಶಾನ್ ಮಗುವನ್ನು ಎತ್ತಿಕೊಂಡು ಎದುರಿಗೆ ನಿಂತ ಹಾಗೆಯೇ, ಮಗುವಿನ ಹೊದಿಕೆಯ ಅಂಚನ್ನು ಜೋರುಜೋರಾಗಿ ಉಜ್ಜುತ್ತಿದ್ದಳು.

ಬೀಯೂನ್‌ಳ ಕಣ್ಣು ಆ ಬೆರಳುಗಳ ಮೇಲೆ ನಿಂತಿತು. ಯೂಲಾನ್ ಬಂದ ದಿನವೂ ಈ ಬೆರಳುಗಳು ಹೀಗೇ ಓಡಿದ್ದವು. ಮುಖದಲ್ಲಿ ಏನೂ ಇಲ್ಲ, ಬೆರಳು ಮಾತ್ರ ಹಾಡುತ್ತಿದೆ. ಈ ಜೋಗುಳ ಏತಕ್ಕೆ? ನಾನೂ ನಿಮ್ಗೆ ಹಾಗೇ ಮಾಡ್ತೀನಿ ಅಂದಿದ್ದಳಲ್ಲ ಅಡುಗೆಮನೆಯಲ್ಲಿ. ಬೇಡ ಅಂದರೆ ಬೇಡ. ಒಂದೇ ಸಲಕ್ಕೆ. ಬೀಯೂನ್‌ಳ ಕೈಯಲ್ಲಿದ್ದ ಇನ್ನೊಂದು ಷೂ ಹಾಗೆಯೇ ಉಳಿಯಿತು. ಮೂರನೇ ಸಲ ಯಾರೂ ಕೇಳಲಾರರು. ಅಮ್ಮನೂ ಕೇಳಿರಲಿಲ್ಲ.

"ವೇಶಾನ್," ಅಂದಳು. ಅರವತ್ತು ವರ್ಷಗಳಲ್ಲಿ ಒಮ್ಮೆಯೂ ಆಡದ ಮಾತು ಅದು, ಎಲ್ಲಿಂದ ಹಿಡಿಯಬೇಕೋ ತಿಳಿಯಲಿಲ್ಲ. "ನಂಗೆ... ನಂಗೆ ಇಲ್ಲೇ ಇರಬೇಕು."

ವೇಶಾನ್‌ಳ ಬೆರಳು ನಿಂತಿತು. ಹುಬ್ಬು ಗಂಟಿಕ್ಕಿದಳು. "ಕೇಳಿದಾಗ ಬೇಡ ಅಂದ್ರಿ."

"ಅಂದೆ."

"ಆಗ ಬೇಡವಾಗಿತ್ತಾ?"

"ಆಗ್ಲೂ ಬೇಕಿತ್ತು. ಅವತ್ತು ನೀನು ಕೋಳಿ ತಿನ್ನುವಾಗ ನಗ್ತಿದ್ಯಲ್ಲ, ಅದೇ ಕಣಮ್ಮ ಇದೂ. ಮುಖವಾಡ. ಹಾಕ್ಕೊಂಡಿದೀನಿ ಅಂತ ನಂಗೇ ಗೊತ್ತಿರ್ಲಿಲ್ಲ."

ಕೆಳಗೆ ಟ್ಯಾಕ್ಸಿಯ ಹಾರ್ನ್ ಕೇಳಿಸಿತು. ಬೇಕು ಅಂದುಬಿಟ್ಟ ಮೇಲೆ ಬೀಯೂನ್‌ಗೆ ಮುಚ್ಚಿಕೊಳ್ಳಲು ಏನೂ ಉಳಿದಿರಲಿಲ್ಲ.

"ಸರಿ," ಅಂದಳು ವೇಶಾನ್. ಮೊನ್ನೆ ಊಟಕ್ಕೆ ಕೂತಾಗ ಅಂದ ಅದೇ ಸರಿ, ಅದೇ ಏರಿಳಿತವಿಲ್ಲದ ದನಿ. ಬಗ್ಗಿ ಮಗುವನ್ನು ಬೀಯೂನ್‌ಳ ತೊಡೆಯ ಮೇಲೆ ಮಲಗಿಸಿ, ಚೀಲವನ್ನು ಎರಡು ಕೈಯಲ್ಲೂ ಎತ್ತಿಕೊಂಡು ಒಳಗೆ ನಡೆದಳು.

ಒಂದು ಕಾಲಿಗೆ ಷೂ ಹಾಕಿಕೊಂಡ ಬೀಯೂನ್ ಮೊಮ್ಮಗಳನ್ನು ಎದೆಗವಚಿಕೊಂಡು ಕೂತಳು. ಆ ಸರಿಯಲ್ಲಿ ಸಂತೋಷ ಇತ್ತೋ ಇಲ್ಲವೋ, ಒಳಗೊಳಗೆ ಬೇಜಾರೋ ಏನೋ ಎಂದು ಮನಸ್ಸು ಹಳೆಯ ಚಾಳಿಯಂತೆ ಹುಡುಕಲು ಹೊರಟಿತು. ಆಮೇಲೆ ಅವಳು ಹುಡುಕುವುದನ್ನು ಬಿಟ್ಟಳು. ಹುಡುಗಿ ಸರಿ ಅಂದಿದ್ದಾಳೆ ಎಂದುಕೊಂಡು ಇನ್ನೊಂದು ಷೂವನ್ನೂ ಬಿಚ್ಚಿಟ್ಟಳು.